ಸಿಂಹದ ಕ್ಷೌರಕ್ಕೆ ಬಂದ ನೋಟಿಸ್

ಮಾರ್ಚ್ ೪, ಮಂಗಳವಾರ

ಪ್ರೀತಿಯ ಉದ್ದಪ್ಪನಿಗೆ,

ಈ ಗಿಡ್ಡನ ಅಪ್ಪುಗೆ, ಎಟುಕಿದಷ್ಟು. ನಿನ್ನ ನಾಟಕಗಳ ಪುಸ್ತಕ ತಲುಪಿ ತಿಂಗಳುಗಳಾದವು, ಉತ್ತರ ಬರೆಯಲಿಲ್ಲ. ಸೋಮಾರಿತನಕ್ಕೆ ಕೃತಿಸ್ವಾಮ್ಯವಿದ್ದರೆ ಅದರ ಏಕೈಕ ಸ್ವಾಮಿ ನಾನೇ, ಕ್ಷಮಿಸು. ಮನೆಯಲ್ಲಿ ಎಲ್ಲರೂ ಕ್ಷೇಮ. ನನ್ನ ತಲೆಗೂದಲು ಮಾತ್ರ ಸ್ವಯಂನಿವೃತ್ತಿ ಪಡೆದಿದೆ.

ಪ್ರತಿ ವರ್ಷದಂತೆ ಶಾಲೆಯ ಮಕ್ಕಳಿಗೆ ನಮ್ಮ ‘ಸಿಂಹದ ಕ್ಷೌರ’ ಕಲಿಸುತ್ತಿದ್ದೆ. ಶನಿವಾರ ಪ್ರದರ್ಶನ. ನಿನ್ನೆ ನಿನ್ನ ಪ್ರಕಾಶಕರ ನೋಟಿಸ್ ಬಂತು: ನಿನ್ನ ಪುಸ್ತಕದಲ್ಲಿರುವ ಈ ನಾಟಕದ ಹಕ್ಕೆಲ್ಲ ಅವರದು, ಅನುಮತಿಯಿಲ್ಲದೆ ಆಡಕೂಡದು. ಸಿಂಹ ಪಾರಾಯಿತು, ಕ್ಷೌರ ನನಗಾಯಿತು.

ವಕೀಲನಾಗಿರುವ ನನ್ನ ಭಾವಮೈದುನ, "ಯಾಕೆ ಭಾವ ತಲೆ ಕೆಡಿಸ್ಕೊಳ್ತೀರಿ? ನಿಮ್ಮ ಗೆಳೆಯರು ಬರೆದ ಮಾತು ತೆಗೆದು ನಿಮ್ಮದಷ್ಟೇ ಆಡ್ಸಿ" ಎಂದ. ಕೆಂಪು ಪೆನ್ಸಿಲ್ ಹಿಡಿದು ಕೂತೆ. ನಾವು ಓದುವಾಗಿದ್ದ ಹಾಸ್ಟೆಲಿನ ಕೋಣೆ ಕಣ್ಣಿಗೆ ಕಟ್ಟಿತು. ನೀನು ಕಿಟಕಿಗೆ ಒರಗಿ ಸಿಂಹದ ಮಾತು ಎಸೆಯುತ್ತಿದ್ದೆ, ನಾನು ಮಂಚದ ಮೇಲಿಂದ ಕ್ಷೌರಿಕನ ಉತ್ತರ. ಅರ್ಧಕ್ಕೆ ಪಾತ್ರ ಬದಲು. ಮಾತು ಹೊಳೆಯದವನು ಹೋಗಿ ಚಹಾ ತರಬೇಕು. "ಕತ್ತರಿ ನನ್ನದು, ಕೂದಲು ನಿಮ್ಮದು, ಕುತ್ತಿಗೆ ಯಾರದು ಮಹಾಪ್ರಭು?" ಈ ಸಾಲು ಯಾರದೋ? ಕತ್ತರಿ ನೀನು ತಂದೆ, ಕುತ್ತಿಗೆ ನಾನು ಕೊಟ್ಟೆ. ಅಥವಾ ತಿರುಗುಮುರುಗೋ? ಪೆನ್ಸಿಲ್ ಒಂದು ಗೆರೆಯನ್ನೂ ಎಳೆಯಲಿಲ್ಲ.

ನನ್ನವಳು ಇಣುಕಿ, "ಎರಡು ಹಸುವಿನ ಹಾಲು ಬೆರೆಸಿ ಹೆಪ್ಪು ಹಾಕಿ, ಈಗ ಬೇರೆ ಮಾಡೋಕೆ ಕೂತಿದ್ದೀರಲ್ಲ!" ಅಂದಳು.

ಸಿಂಹವಾಗುವ ಹುಡುಗಿಯ ಸಂಕಟವೇ ಬೇರೆ. "ಸಾರ್, ಎಲ್ಲಾ ಬಾಯಿಪಾಠ ಆಗ್ಬಿಟ್ಟಿದೆ. ಈಗ ಮರೀಬೇಕಾ?"

ಅಷ್ಟಕ್ಕೂ ನಾವೇನು ಸಾಚಾಗಳೇ? ಸಿಂಹವನ್ನು ನಿನ್ನ ಅಜ್ಜಿಯ ಕಥೆಯಿಂದ ಎತ್ತಿದೆವು, ಗೊಣಗಾಟವನ್ನು ಹಾಸ್ಟೆಲಿನ ಕ್ಷೌರಿಕನಿಂದ. ಕ್ಷೌರಿಕ ನಾಟಕಕ್ಕೆ ಬಂದು ಮೊದಲ ಸಾಲಿನಲ್ಲಿ ಕೂತು ನಕ್ಕ. ಅಜ್ಜಿ ನೋಟಿಸ್ ಕಳಿಸಲಿಲ್ಲ, ಇನ್ನೊಂದು ಕಥೆ ಹೇಳಿದರು.

ನಿನ್ನ ಬರಹವನ್ನು ಯಾರೂ ಕದಿಯಬಾರದು, ಒಪ್ಪಿದೆ. ಆದರೆ ಪ್ರಕಾಶಕರಿಗೆ ಒಂದು ಮಾತು ಹೇಳೋ, ಮಕ್ಕಳು ಆಡಲಿ. ಕರಪತ್ರದಲ್ಲಿ ನಿನ್ನ ಹೆಸರೊಂದೇ ಹಾಕಿಸುತ್ತೇನೆ.

ಅತ್ತಿಗೆಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ, ನಿನ್ನಷ್ಟು ಉದ್ದ, ನನ್ನಷ್ಟು ತುಂಟರಾಗಲಿ.

ನಿನ್ನ
ಗಿಡ್ಡ

ಮರೆತ ಮಾತು: ಮುನ್ನುಡಿ ಓದುವ ಅಭ್ಯಾಸ ನನಗಿಲ್ಲ, ನಿನಗೆ ಗೊತ್ತು. ಇವತ್ತು ನಿನ್ನ ಪುಸ್ತಕದ್ದು ಓದಿದೆ. ‘ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಕೂತು ಬರೆದದ್ದು’ ಅಂದಿದ್ದೀಯ. ನಾಟಕ ನೀನೇ ಇಟ್ಟುಕೋ. ಆ ಕೋಣೆಯಲ್ಲಿ ನಾನೂ ಇದ್ದೆ ಕಣೋ.