ಇಳಿಸಲು ಅನುಮತಿ ಇಲ್ಲ

ಅಕ್ಟೋಬರ್ 9, ಬುಧವಾರ

ಇಂದೂ ಮೂರು ಕಚೇರಿ. ಮೂರರಲ್ಲೂ ಅದೇ ಉತ್ತರ — ನಮ್ಮದಲ್ಲ.

ಫಲ್ಗುಣಿ ನದಿಯ ಈಚೆ ದಡ ನಗರದ್ದು. ಆಚೆ ದಡ ಗ್ರಾಮ ಪಂಚಾಯತಿನದ್ದು. ನಡುನೀರಿನಲ್ಲಿ ಲಂಗರು ಹಾಕಿ ನಿಂತ, ನಮ್ಮ ಗಿರಾಕಿ ಸುಲೈಮಾನಾಕನ ತೇಲುವ ಹೋಟೆಲು ಯಾರದ್ದೂ ಅಲ್ಲ. ನಗರದವರ ಪ್ರಕಾರ ಅದು ಕಟ್ಟಡವಲ್ಲ, ಆದ್ದರಿಂದ ಟ್ರೇಡ್ ಲೈಸೆನ್ಸ್ ಇಲ್ಲ. ಪಂಚಾಯತಿನ ಗಡಿ ಸಮುದ್ರದ ಭರತದ ನೀರು ಮುಟ್ಟುವಲ್ಲಿಗೆ ಮುಗಿಯಿತು. ದೋಣಿಗಳನ್ನು ನೋಡುವವರಿಗೆ ದೋಣಿ ಗೊತ್ತು, ಹೋಟೆಲ್ ಗೊತ್ತಿಲ್ಲ. ಆಹಾರದ ಲೈಸೆನ್ಸಿನ ಆನ್‌ಲೈನ್ ಫಾರ್ಮ್ ಡೋರ್ ನಂಬರ್ ಕೇಳುತ್ತದೆ. ನೀರಿನಲ್ಲಿ ಎಲ್ಲಿಯ ಡೋರ್...

ಎಲ್ಲರೂ ಸಭ್ಯರು. ಕೂರಲು ಹೇಳಿದರು. ನನ್ನ ವಾಕ್ಯ ಅರ್ಧಕ್ಕೆ ಬರುವಾಗ ಅವರದ್ದು ಮುಗಿದಿತ್ತು. ಕನ್ನಡ ಎಂ.ಎ. ಓದಿದವಳಿಗೆ ಕದ್ರಿಯ ಈ ಲೈಸೆನ್ಸ್ ಕನ್ಸಲ್ಟೆಂಟ್ ಆಫೀಸಿನಲ್ಲಿ ಕೆಲಸ ಸಿಕ್ಕಿದ್ದು ಅರ್ಜಿ ಚೆನ್ನಾಗಿ ಬರೆಯುತ್ತೇನೆಂದು. ಮಾತಾಡುತ್ತೇನೆಂದು ಅಲ್ಲ. ಆಫೀಸಿನ ಮಾಲಕ ಬಾಲಚಂದ್ರ ಸರ್ ಸಂಜೆ ಎಲ್ಲರೆದುರೇ ಹೇಳಿದರು, "ನೀನು ಕಾಗದದಲ್ಲಿ ಹುಲಿ ಮಾರಾಯ್ತಿ. ಕೌಂಟರಿನಲ್ಲಿ ಬೆಕ್ಕು."

ನಕ್ಕೆ. ನಗದೆ ಎಂತ ಮಾಡುವುದು.

ಅಕ್ಟೋಬರ್ 14, ಸೋಮವಾರ

ಮೊದಲ ಸಲ ದೋಣಿಗೆ ಹೋದೆ. ಮರವೂರಿನ ಕೆಳಗೆ, ಕೂಳೂರಿನ ಮೇಲೆ. ಪಂಚಾಯತಿನ ದಡದಲ್ಲಿ ಕಲ್ಲಿನ ಹಳೆಯ ಮೆಟ್ಟಿಲುಗಳು, ಅಲ್ಲಿಂದ ಸಣ್ಣ ದೋಣಿಯಲ್ಲಿ ಗಿರಾಕಿಗಳನ್ನು ಕರೆದೊಯ್ಯುವ ಏರ್ಪಾಡು. ತಲೆಯ ಮೇಲೆ ಬಜಪೆಗೆ ಇಳಿಯುವ ವಿಮಾನಗಳು, ಚಕ್ರ ಕಾಣುವಷ್ಟು ಹತ್ತಿರ.

ಸುಲೈಮಾನಾಕ ಕೈ ಹಿಡಿದು ಹತ್ತಿಸಿದರು. ಹೊಸ ಮರದ ವಾಸನೆ, ಕೆಳಗೆ ಎಂಟು ಮೇಜು, ಹಿಂದೆ ಅಡಿಗೆ. ಸೌದಿಯ ದಮ್ಮಾಮಿನಲ್ಲಿ ದುಡಿದ ವರ್ಷಗಳೆಲ್ಲ ಇದರಲ್ಲಿವೆ ಎಂದರು. ಹೆಂಡತಿ ಮುಮ್ತಾಝ್ ಮರುವಾಯಿ ಚಿಪ್ಪಿನ ಸುಕ್ಕ, ಅಕ್ಕಿ ಕಡುಬಿನಂಥ ಪುಂಡಿ ಬಡಿಸಿದರು. ಅವರೂ ಮಾತು ಕಡಿಮೆ. ನಾನು ಬ್ರಾಹ್ಮಣರವಳೆಂದು ಗೊತ್ತಾದ ಮೇಲೆ ಮರುವಾಯಿ ಎತ್ತಿಟ್ಟು ಪುಂಡಿಗೆ ಬೆಲ್ಲ ತಂದುಕೊಟ್ಟರು.

ಮುಂದಿನ ಮಳೆಗಾಲದೊಳಗೆ ಲೈಸೆನ್ಸ್ ಆಗದಿದ್ದರೆ ದೋಣಿ ಎಳೆದು ಬಿಚ್ಚಿ ಮಾರಬೇಕಂತೆ. ಮತ್ತೆ ದಮ್ಮಾಮಿಗೆ ಹೋಗುವ ವಯಸ್ಸಲ್ಲ.

ವಾಪಸ್ ಬರುವಾಗ ಮೆಟ್ಟಿಲುಗಳ ಬಗ್ಗೆ ಪಂಚಾಯತಿನ ಗುಮಾಸ್ತರನ್ನು ಕೇಳಿದೆ. ಹಳೇ ಕಡವು, ದೋಣಿ ದಾಟಿಸುವ ಜಾಗ ಎಂದರು. ಸೇತುವೆ ಆದ ಮೇಲೆ ನಿಂತಿತು, ರದ್ದಾಗಲಿಲ್ಲ. ಕಡವು ಗುತ್ತಿಗೆಗೆ ಕೊಡುವ ಅಧಿಕಾರ ಈಗಲೂ ಪಂಚಾಯತಿಗೆ ಉಂಟು.

ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಕಡವಿನ ದೋಣಿಯಲ್ಲಿ ಚಾ-ತಿಂಡಿ ಕೊಡಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ.

ನವೆಂಬರ್ 5, ಮಂಗಳವಾರ

ಆಯಿತು. ಹೋಟೆಲ್ ಎಂಬ ಪದವೇ ಇಲ್ಲದ ಅರ್ಜಿ. "ಕಡವಿನ ಪ್ರಯಾಣಿಕರ ದೋಣಿ, ಪ್ರಯಾಣಿಕರಿಗೆ ಉಪಾಹಾರ." ತಾತ್ಕಾಲಿಕ ಪರವಾನಗಿ ಬಂತು. ಡಿಸೆಂಬರಿನಲ್ಲಿ ಒಂದು ಇನ್‌ಸ್ಪೆಕ್ಷನ್, ಅದು ಪಾಸಾದರೆ ಕಾಯಂ.

ಒಂದು ಷರತ್ತು. ಹತ್ತಿಸುವುದು ಪಂಚಾಯತಿನ ದಡದಿಂದ ಮಾತ್ರ. ನಗರದ ದಡದಲ್ಲಿ ಇಳಿಸಲು ಅನುಮತಿ ಇಲ್ಲ; ಅದು ಬೇರೆಯವರ ವ್ಯಾಪ್ತಿ. ಇರಲಿ. ದಾಟಲಿಕ್ಕೆ ಯಾರು ಬರುತ್ತಾರೆ, ಎಲ್ಲ ತಿನ್ನಲಿಕ್ಕೆ ಬರುವವರೇ.

ದೋಣಿಯ ಹೊಟ್ಟೆಗೆ ಬಿಳಿ ಪೇಂಟಿನಲ್ಲಿ ಲೋಡ್ ಲೈನ್ ಎಳೆದಾಗಿದೆ. ಪೂರ್ತಿ ಭಾರ ಹಾಕಿದರೂ ನೀರು ಆ ಗೆರೆ ದಾಟಬಾರದು. ಈಗ ಗೆರೆ ನೀರಿನಿಂದ ಒಂದು ಗೇಣು ಮೇಲಿದೆ.

ಸುಲೈಮಾನಾಕ ಆಫೀಸಿಗೆ ಹಲ್ವ ತಂದರು. ಬಾಲಚಂದ್ರ ಸರ್ ಎಲ್ಲರಿಗೂ ಹೇಳಿದರು, ಐಡಿಯಾ ತನ್ಮಯಿಯದ್ದು. ನಾಲ್ಕು ಜನ ನನ್ನ ಕಡೆ ನೋಡಿದರು. ಬಾಟಲಿ ತುಂಬಿಸುವ ನೆವದಲ್ಲಿ ಎದ್ದುಹೋದೆ.

ನವೆಂಬರ್ 18, ಸೋಮವಾರ

ಫೋಟೋ ತೆಗೆಯಲು ದೋಣಿಗೆ ಹೋಗಿದ್ದೆ. ಮಧ್ಯಾಹ್ನ. ಭರತ ನಿಂತು ಇಳಿತ ಇನ್ನೂ ಶುರುವಾಗದ ಹೊತ್ತು, ನೀರು ತಟ್ಟೆಯ ಹಾಗೆ. ಗಿರಾಕಿಗಳಿರಲಿಲ್ಲ.

ಕಲ್ಲಿನ ಮೆಟ್ಟಿಲಿನ ಕಡೆಯಿಂದ ಕೂಗು. "ಓಡ ಕನಲೇ..." ತುಳು. ದೋಣಿ ತನ್ನಿ ಎಂದು. ಅವಸರವಿಲ್ಲದ, ಉದ್ದ ಎಳೆದ ಕೂಗು.

ನೋಡಿದೆ. ಮೆಟ್ಟಿಲುಗಳ ಮೇಲೆ ಬಿಸಿಲು ಬಿಟ್ಟರೆ ಏನಿಲ್ಲ. ಹಿಂದೆ ಬಯಲು, ಅಡಗಲು ಒಂದು ಗಿಡವೂ ಇಲ್ಲ.

ಸುಲೈಮಾನಾಕ ಅಷ್ಟರಲ್ಲಿ ಸಣ್ಣ ದೋಣಿ ಬಿಚ್ಚಿದ್ದರು. ದಿನಾ ಹೀಗೇ, ನಾನು ಮುಟ್ಟುವುದರೊಳಗೆ ಹೋಗಿಬಿಡುತ್ತಾರೆ, ಬಂದ ಗಿರಾಕಿ ಬಿಡ್ಲಿಕ್ಕೆ ಆಗ್ತದಾ ಎಂದರು. ಹೋದರು. ಮೆಟ್ಟಿಲಿಗೆ ತಾಗಿಸಿ ಸ್ವಲ್ಪ ಕಾದರು. ತಿರುಗಿದರು.

ಹೋಗುವಾಗ ಸಣ್ಣ ದೋಣಿಯ ಮೂತಿ ಮೇಲಿತ್ತು. ಬರುವಾಗ ಅಂಚಿನವರೆಗೆ ನೀರು. ಹುಟ್ಟು ಹಾಕುವ ತೋಳು ಬಿಗಿದಿತ್ತು. ಪಕ್ಕಕ್ಕೆ ತಾಗಿದಾಗ ನಮ್ಮ ದೋಣಿ ಒಮ್ಮೆ ಆ ಕಡೆ ವಾಲಿತು, ಯಾರೋ ಹತ್ತುವಾಗ ವಾಲುವ ಹಾಗೆ. ಮತ್ತೊಮ್ಮೆ. ಮತ್ತೆ ನೆಟ್ಟಗಾಯಿತು.

ಮುಮ್ತಾಝ್ ಅಡಿಗೆಕೋಣೆಯಿಂದ ನನ್ನನ್ನೇ ನೋಡುತ್ತಿದ್ದರು. ನಾನು ಅವರನ್ನು. ಇಬ್ಬರೂ ಕಣ್ಣು ತಪ್ಪಿಸಿದೆವು.

ನವೆಂಬರ್ 29, ಶುಕ್ರವಾರ

ಸುಲೈಮಾನಾಕನ ಫೋನ್. ವ್ಯಾಪಾರ ಇಲ್ಲ. ಜನ ಬರುತ್ತಾರೆ, ದಡದಲ್ಲಿ ನಿಂತು ನೋಡುತ್ತಾರೆ, ಹೋಗುತ್ತಾರೆ. ನಿನ್ನೆ ಸುರತ್ಕಲ್‌ನ ಕಾಲೇಜು ಹುಡುಗರ ಹಿಂದೆ ಓಡಿ ಕೇಳಿದರಂತೆ, ಯಾಕೆ ಹೋಗ್ತೀರಿ ಎಂದು.

"ಎಂತ ಹೇಳಿದ್ರು ಗೊತ್ತುಂಟಾ ಮೇಡಂ? ಸೀಟಿಲ್ಲ ಅಲ್ವಾ, ಫುಲ್ ಉಂಟಲ್ಲ ಅಂತ. ನಾನು ತಿರುಗಿ ನೋಡಿದೆ. ಎಂಟು ಮೇಜೂ ಖಾಲಿ."

ಇವತ್ತು ಜುಮಾ ನಮಾಜಿಗೆ ಅವರು ಮಸೀದಿಗೆ ಹೋಗಿದ್ದಾಗ ಕೂಗು ನಿಲ್ಲಲೇ ಇಲ್ಲವಂತೆ. ಕೊನೆಗೆ ಮುಮ್ತಾಝ್ ತಾವೇ ಹುಟ್ಟು ಹಾಕಿ ಹೋಗಿ ಬಂದರಂತೆ. ಯಾರನ್ನು ಕರೆತಂದೆ ಎಂದು ಗಂಡ ಕೇಳಿದ್ದಕ್ಕೆ, ಕೂಗಿದವರನ್ನು ಎಂದಷ್ಟೇ ಹೇಳಿದರಂತೆ.

ಡಿಸೆಂಬರ್ 3, ಮಂಗಳವಾರ

ಇನ್‌ಸ್ಪೆಕ್ಷನ್. ಅಧಿಕಾರಿ ಒಳ್ಳೆಯವರು, ನಿಧಾನಕ್ಕೆ ನೋಡಿದರು. ಲೈಫ್ ಜಾಕೆಟ್ ಸರಿ, ಗ್ಯಾಸ್ ಸರಿ, ಬೆಂಕಿ ಆರಿಸುವುದು ಸರಿ. ಆಮೇಲೆ ಬಗ್ಗಿ ಗೆರೆ ಹುಡುಕಿದರು. ಗೆರೆ ಕಾಣಲಿಲ್ಲ. ನೀರಿನೊಳಗೆ ಒಂದು ಗೇಣು ಕೆಳಗೆ ಬೆಳ್ಳಗೆ ಅಲುಗುತ್ತಿತ್ತು.

ಸೋರಿಕೆ ಇರಬಹುದೆಂದು ತಳ ನೋಡಿದರು. ಒಣಗಿತ್ತು. ನೀರಿನ ಟ್ಯಾಂಕ್ ಖಾಲಿ ಮಾಡಿಸಿದರು, ಸಿಲಿಂಡರ್ ಇಳಿಸಿದರು. ಸುಲೈಮಾನಾಕ ಮೇಜು ಕುರ್ಚಿಗಳನ್ನೂ ಸಣ್ಣ ದೋಣಿಗೆ ದಾಟಿಸಿದರು. ಗೆರೆ ಅಲ್ಲೇ.

"ಎಂತ ತುಂಬಿಸಿದ್ದೀರಿ ನೀವು ಇದರಲ್ಲಿ?" ಎಂದರು ಅಧಿಕಾರಿ. ಗದರಿಸಿದ್ದಲ್ಲ, ನಿಜಕ್ಕೂ ಕೇಳಿದ್ದು.

ಇಪ್ಪತ್ತನೇ ತಾರೀಕು ಸಂಜೆ ಮತ್ತೆ ಬರುತ್ತಾರೆ. ಗೆರೆ ಮೇಲೆ ಬಾರದಿದ್ದರೆ ಪರವಾನಗಿ ರದ್ದು, ದೋಣಿ ಎಳೆಯಬೇಕು.

ಎಲ್ಲರೂ ಮೇಲಿನ ಡೆಕ್ಕಿಗೆ ಹೋದ ಮೇಲೆ ನಾನು ಆ ಖಾಲಿ ಜಾಗದಲ್ಲಿ ಸ್ವಲ್ಪ ಹೊತ್ತು ಉಳಿದೆ. ಮದುವೆ ಹಾಲಿನಲ್ಲಿ ಊಟದ ಕರೆಗೆ ಕಾಯುವವರ ನಡುವೆ ನಿಂತಾಗ ಆಗುತ್ತದಲ್ಲ... ದಾರಿ ಬಿಡಿ ಎನ್ನಲು ನಾಲಿಗೆ ಬಾರದ ಸಂಕೋಚ. ಅದೇ. ಗೋಡೆಗೆ ಒತ್ತಿಕೊಂಡು, ಮೈ ಸೋಕದ ಹಾಗೆ ಹೊರಗೆ ಬಂದೆ. ಬಂದ ಮೇಲೆ ಹೊಳೆಯಿತು, ಯಾರ ಮೈ?

ಡಿಸೆಂಬರ್ 11, ಬುಧವಾರ

ನಗರದ ಕಡೆಯ ದಡದಲ್ಲಿ, ಕಡವಿನ ನೇರಕ್ಕೆ, ಒಂದೇ ಮನೆ. ವಿನಿಫ್ರೆಡ್ ಬಾಯಿಯದ್ದು; ಹಳೇ ಕಡವಿನ ವಿಷಯ ಕೇಳಲು ಹೋದೆ. ನದಿಗೆ ಮುಖ ಮಾಡಿದ ಕಿಟಕಿಗಳೆಲ್ಲ ಹಗಲಲ್ಲೇ ಮುಚ್ಚಿದ್ದವು. ಗೇಟಿನ ಹೊರಗೆ ಎಷ್ಟು ಹೊತ್ತು ನಿಂತಿದ್ದೆನೋ. ಅವರೇ ಬಂದು, ಜನಗಣತಿಯವಳಾ, ಒಳಗೆ ಬಾ ಎಂದರು.

ಅವರ ಪಪ್ಪ ಈ ಕಡವಿನ ಕೊನೆಯ ಅಂಬಿಗ. ನಾನು ಕೇಳುವ ಮೊದಲೇ ಹೇಳತೊಡಗಿದರು. ಅಂಬಿಗ ಪ್ರಶ್ನೆ ಕೇಳುವಂತಿಲ್ಲ.

"ಕೂಗಿದವರ ಹತ್ತಿರ ನೀನು ಯಾರು, ಯಾಕೆ ಅಂತ ಕೇಳ್ಲಿಕ್ಕಿಲ್ಲ. ಕೂಗಿದ್ರೆ ಹೋಗ್ಬೇಕು. ಹತ್ತಿಸಿದ್ರೆ ಇಳಿಸ್ಬೇಕು. ಕಡವು ವಹಿಸಿಕೊಳ್ಳುವುದು ಅಂದ್ರೆ ಅಷ್ಟೇ."

ಸೇತುವೆ ಆದ ವರ್ಷ ಪಪ್ಪ ದೋಣಿ ಮಾರಿದರಂತೆ.

"ದೋಣಿ ನಿಂತಿತು, ಕೂಗುವವರು ನಿಲ್ಲಲಿಲ್ಲ ಮಗಾ. ದಾಟ್ಲಿಕ್ಕೆ ಆಗದವರು ಅಲ್ಲೇ ಉಳಿದ್ರು. ನಾವು ಕಿಟಕಿ ಹಾಕ್ಲಿಕ್ಕೆ ಶುರು ಮಾಡಿದೆವು." ಮುಚ್ಚಿದ ಕಿಟಕಿಯ ಕಡೆ ನೋಡಿ, "ಈಗ ನೀವು ಕಡವು ನಮ್ಮದು ಅಂತ ಬರೆದುಕೊಟ್ಟು ಹತ್ತಿಸಿಟ್ಟಿದ್ದೀರಿ. ಯಾಕೆ, ಪುಂಡಿ ತಿನ್ನಿಸ್ಲಿಕ್ಕಾ?"

ಚಾ ತಣ್ಣಗಾಗಿತ್ತು. ಬರೆದುಕೊಟ್ಟದ್ದು ನಾನು. ಅದನ್ನು ಅವರಿಗೆ ಹೇಳಲಿಲ್ಲ.

ಡಿಸೆಂಬರ್ 12, ಗುರುವಾರ

ಸುಲೈಮಾನಾಕನಿಗೆ ಎಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಇವತ್ತೇ ಲಂಗರು ಎತ್ತಿ ನಗರದ ಕಡೆ ತಾಗಿಸುತ್ತೇನೆ, ಇಳಿಯಲಿ ಎಂದರು. ಬಾಲಚಂದ್ರ ಸರ್ ತಡೆದರು. ಅನುಮತಿ ಇಲ್ಲದೆ ನಗರದ ದಡಕ್ಕೆ ತಾಗಿಸಿದರೆ ಷರತ್ತು ಮುರಿದ ಹಾಗೆ, ಪರವಾನಗಿ ಅವತ್ತೇ ಹೋಗುತ್ತದೆ. ಯಾರನ್ನು ಇಳಿಸುವುದು ಎಂದು ಸರ್ ಕೇಳಲಿಲ್ಲ. ಕೇಳದೆ ಇರುವುದು ಅವರ ವೃತ್ತಿ.

ಹೊಸ ಅರ್ಜಿ ಬರೆದೆ. ಒಂದು ದಿನದ ಮಟ್ಟಿಗೆ, ಒಂದು ಸಲ, ಪ್ರಯಾಣಿಕರನ್ನು ಇಳಿಸಲು.

ಡಿಸೆಂಬರ್ 18, ಬುಧವಾರ

ನಗರದ ಕಚೇರಿಯಲ್ಲಿ, ಅನುಮತಿ ಬರೆಯುವ ಮೇಜಿನ ಎದುರು ನಾವು ಮೂವರು. ಎಲ್ಲ ಸರಿ ಇತ್ತು. ಕೊನೆಗೆ ಆ ಮೇಡಂ ಮಾಮೂಲಿಯಾಗಿ ಕೇಳಿದರು, ಇಳಿದವರ ಜವಾಬ್ದಾರಿ ಯಾರದ್ದು? ದೋಣಿಯವರದ್ದು ನೀರಿನ ತನಕ. ದಡದಲ್ಲಿ ಇಳಿಸಿಕೊಳ್ಳುವವರು ಒಬ್ಬರು ಬೇಕು, ನಮ್ಮ ವ್ಯಾಪ್ತಿಯಲ್ಲಿ ವಾಸ ಇರುವವರು.

ಸುಲೈಮಾನಾಕನ ಮನೆ ಆಚೆ ದಡದಲ್ಲಿ. ಇಳಿಸುವಾಗ ದಡಕ್ಕೆ ಬನ್ನಿ ಎಂದದ್ದಕ್ಕೇ ವಿನಿಫ್ರೆಡ್ ಬಾಯಿ ನಿನ್ನೆ ಆಗುವುದಿಲ್ಲ ಎಂದಿದ್ದರು. ಪಪ್ಪ ಮಾಡಿದ್ದು ಸಾಕಂತೆ. ಬಾಲಚಂದ್ರ ಸರ್ ತುಳುವಿನಲ್ಲಿ ಮೆತ್ತಗೆ, ನಮ್ಮ ಕೆಲಸ ಕಾಗದದ ತನಕ ಎಂದು ಮೊಬೈಲ್ ನೋಡತೊಡಗಿದರು.

ಸುಲೈಮಾನಾಕ ಮಂಡಿಯ ಮೇಲೆ ಎರಡು ಕೈ ಇಟ್ಟುಕೊಂಡು ಕೂತಿದ್ದರು, ಡಾಕ್ಟರ ಮುಂದೆ ಕೂತ ಹಾಗೆ. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಬಹುಶಃ ನಾನು ತಲೆ ತಗ್ಗಿಸುತ್ತಿದ್ದೆ.

"ನಾನು" ಎಂದೆ.

ಕೇಳಿಸಲಿಲ್ಲ ಅವರಿಗೆ. ಮತ್ತೊಮ್ಮೆ ಹೇಳಬೇಕಾಯಿತು, ಜೋರಾಗಿ. "ತನ್ಮಯಿ. ಕದ್ರಿ. ನಾನು ಇಳಿಸಿಕೊಳ್ತೇನೆ."

ಅಷ್ಟು ದೊಡ್ಡ ಸ್ವರ ನನ್ನಲ್ಲಿ ಇತ್ತೆಂದು ಗೊತ್ತಿರಲಿಲ್ಲ.

ಡಿಸೆಂಬರ್ 20, ಶುಕ್ರವಾರ. ಸಂಜೆ

ಮಧ್ಯಾಹ್ನ, ನೀರು ನಿಂತ ಹೊತ್ತಿಗೆ, ದೋಣಿ ನಗರದ ದಡಕ್ಕೆ ತಾಗಿತು. ಸುಲೈಮಾನಾಕ ಜುಮಾ ಬಿಟ್ಟು ಬಂದಿದ್ದರು. ಮುಮ್ತಾಝ್ ಹಲಗೆ ಇಟ್ಟರು. ನಾನು ಹಲಗೆಯ ಈ ತುದಿಯಲ್ಲಿ.

ಮೊದಲು ಏನೂ ಇಲ್ಲ. ಹೊಳೆಯಿತು, ಇಳಿಸಿಕೊಳ್ಳುವವಳೇ ಕರೆಯಬೇಕು. ಮೇಲೆ ವಿನಿಫ್ರೆಡ್ ಬಾಯಿಯ ಮನೆಯಲ್ಲಿ ಒಂದು ಕಿಟಕಿ ತೆರೆದಿತ್ತು. "ಜಪ್ಪುಲೆ" ಎಂದೆ. ಇಳಿಯಿರಿ.

ಹಲಗೆ ಬಾಗಿತು. ನೆಟ್ಟಗಾಯಿತು. ಬಾಗಿತು. ಪ್ರತಿ ಸಲವೂ ನನ್ನ ತೋಳಿನ ಪಕ್ಕದಲ್ಲಿ ಸ್ವಲ್ಪ ಗಾಳಿ, ಸ್ವಲ್ಪ ಹೊತ್ತು ತಡೆದು ದಾಟುವ ಹಾಗೆ. ಒಂದು ಸಲ ಹಲಗೆ ತೀರಾ ಹಗುರಕ್ಕೆ ಬಾಗಿದಾಗ ಯೋಚಿಸದೆ ಕೈ ಚಾಚಿದೆ. ಮಗುವಿರಬೇಕು. ಬೆರಳುಗಳು ತಣ್ಣಗಾದವು, ಆಮೇಲೆ ಬಿಟ್ಟಿತು.

ಮುಮ್ತಾಝ್ ದೋಣಿಯ ಪಕ್ಕ ಬಗ್ಗಿ ನೋಡುತ್ತಿದ್ದರು. ಬಿಳಿ ಗೆರೆ ನೀರಿನಿಂದ ಮೇಲೆ ಬಂತು. ಒಂದು ಬೆರಳು. ನಾಲ್ಕು ಬೆರಳು. ಒಂದು ಗೇಣು. ಹಲಗೆ ಮತ್ತೆ ಬಾಗಲಿಲ್ಲ. ಸುಲೈಮಾನಾಕ ಮುಖ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟರು.

ಅಧಿಕಾರಿ ಬಂದು ಪಾಸ್ ಮಾಡಿದರೆಂದು ಈಗಷ್ಟೇ ಸುಲೈಮಾನಾಕನ ಫೋನ್ ಬಂತು. ಇವತ್ತೇ ಎರಡು ಫ್ಯಾಮಿಲಿ ಊಟಕ್ಕೆ ಬಂದಿವೆಯಂತೆ. ಸೀಟುಂಟಾ ಎಂದು ಕೇಳಿದರಂತೆ. ಕೊನೆಗೆ ಸುಲೈಮಾನಾಕ, ಮೇಡಂ, ನೀವು ಹೇಗಿದ್ದೀರಿ ಎಂದು ಕೇಳಿದರು. ಸರಿ ಇದ್ದೇನೆ ಎಂದೆ.

ಮಧ್ಯಾಹ್ನ ದಡದಿಂದ ರಸ್ತೆಗೆ ಒಬ್ಬಳೇ ನಡೆದೆ. ಬೇಗ ನಡೆಯಲು ಮನಸ್ಸಾಗಲಿಲ್ಲ. ವಯಸ್ಸಾದವರೂ ಇರಬಹುದಲ್ಲ. ಕಾವೂರಿನಲ್ಲಿ ಕದ್ರಿ ಕಡೆಯ ಬಸ್ಸು. ಅರ್ಧಕ್ಕರ್ಧ ಸೀಟು ಖಾಲಿ, ಆದರೂ ನನ್ನ ನಂತರ ಹತ್ತಿದವರು ಯಾರೂ ಕೂರಲಿಲ್ಲ. ಕಂಬಿ ಹಿಡಿದು, ಒಬ್ಬರಿಗೊಬ್ಬರು ಜಾಗ ಮಾಡಿಕೊಂಡು ನಿಂತರು. ಒಬ್ಬ ಹೆಂಗಸು ಖಾಲಿ ಸೀಟಿನ ಕಡೆ ನೋಡಿ ಸ್ವಲ್ಪ ಸರಿಯಿರಿ ಎಂದಳು.

ಕಂಡಕ್ಟರ್ ಚಿಲ್ಲರೆ ಕುಲುಕಿಸುತ್ತಾ ಬಂದ. ನನ್ನ ಹತ್ತು ರೂಪಾಯಿ ನೋಡಿದ, ನನ್ನ ಹಿಂದೆ ನೋಡಿದ, ಹಿಂದಿನ ಬಾಗಿಲಿನವರೆಗೂ.

"ಇವರೆಲ್ಲ ನಿಮ್ಮ ಜೊತೆಯಾ ಅಕ್ಕ?"

ಹೌದು ಎಂದೆ. ಈ ಸಲ ಎರಡು ಸಲ ಹೇಳಬೇಕಾಗಲಿಲ್ಲ. ಅವನು ಇಷ್ಟು ಸಾಲದೆಂದು ನೋಟು ವಾಪಸ್ ಕೊಟ್ಟು, ಎಲ್ಲಿ ಇಳಿಯುತ್ತಾರೆ ಎಂದು ಕೇಳಿದ. ನಾನು ತಿರುಗಿ ಅವರನ್ನೇ ಕೇಳಿದೆ. ಈಗ ನನ್ನ ಕೋಣೆಯಲ್ಲಿ ಗೋಡೆಗೆ ಒತ್ತಿಕೊಂಡು, ಯಾರ ಮೈಯೂ ಸೋಕದ ಹಾಗೆ ಕೂತು ಇದನ್ನು ಬರೆಯುತ್ತಿದ್ದೇನೆ.