ತುಂಟಿಯ ಗೇಣುದ್ದದ ನಾಳ

ಫೆಬ್ರವರಿ ಮೂವತ್ತು, ೨೩೯೧
ಭೀಮಾ ದಂಡೆಯ ಕುದುರೆಮನೆ

ಹಿಂದಿನ ಕಾಲದ ಹಿರಿಯರೇ,

ತಾರೀಕು ನೋಡಿ ನಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ; ಫೆಬ್ರವರಿಗೆ ನೀವು ಮಾಡಿದ ಮೋಸವನ್ನು ನಾವು ಸರಿಪಡಿಸಿದ್ದೇವೆ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಾತಾಡಲು ಇಲ್ಲಿ ಯಾರೂ ಇಲ್ಲದೆ ನಾಲಿಗೆಗೆ ತುಕ್ಕು ಹಿಡಿದಿದೆ.

ಹುಲ್ಲು ಬತ್ತಿದ ಕಾಲದಲ್ಲಿ ನಮ್ಮ ಅಜ್ಜಿಯರು ಕುದುರೆಗಳನ್ನು ಸಾಕಲಾರದೆ ಅವುಗಳ ವೀರ್ಯವನ್ನೂ ಅಂಡವನ್ನೂ ಹಿಮಗಡಿಗೆಗಳಲ್ಲಿ ಇಟ್ಟರು. ಹಿಮಗಡಿಗೆ ಎಂದರೆ ತಲೆಮಾರುಗಳವರೆಗೆ ಚಳಿ ಬಿಡದ ಪಾತ್ರೆ. ಎರಡೂ ಇವೆ, ಬೇಕೆಂದಾಗ ಕುದುರೆ ಮಾಡಿಕೊಂಡರಾಯಿತು ಎಂದು ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ಪುಣ್ಯಾತ್ಗಿತ್ತಿಯರು! ಅವೆರಡೂ ಕೂಡುವ ಜಾಗವನ್ನು ಇಡಲು ಮರೆತರು. ಮರಿ ಬೆಳೆಯಲು ಹೊರೆಚೀಲವನ್ನು, ಅಂದರೆ ತಾಯಿಯಿಲ್ಲದ ಗರ್ಭವನ್ನು, ನಾವೇ ಮಾಡಿಕೊಂಡೆವು. ವೀರ್ಯಾಣುವನ್ನು ಸೂಜಿಯಿಂದ ಅಂಡಕ್ಕೆ ಚುಚ್ಚುವ ನಿಮ್ಮ ಯಂತ್ರಗಳು ಕೆಟ್ಟು ಎಷ್ಟೋ ಕಾಲವಾಯಿತು. ಬರೀ ಗಾಜಿನ ತಟ್ಟೆಯಲ್ಲಿ ಬಿಟ್ಟರೆ ವೀರ್ಯಾಣುಗಳು ದಿಕ್ಕುಗೆಟ್ಟು ಓಡಾಡಿ, ಅಂಡದ ಪಕ್ಕದಲ್ಲೇ ಹಾದುಹೋಗಿ, ಸುಸ್ತಾಗಿ ಸಾಯುತ್ತವೆ.

ಹೆಣ್ಣು ಕುದುರೆಯ ಒಡಲಲ್ಲಿ ಹಾಗಲ್ಲ. ಅಂಡನಾಳದ ಒಳಗೋಡೆ ಅವುಗಳ ತಲೆ ಹಿಡಿದು ನಿಲ್ಲಿಸಿಕೊಳ್ಳುತ್ತದೆ, ದಿನಗಟ್ಟಲೆ ಜೀವ ಕಾಯುತ್ತದೆ, ಅಂಡ ಬರುವ ಹೊತ್ತಿಗೆ ಹುರುಪು ತುಂಬಿ ಬಿಡುತ್ತದೆ. ಆ ಗೋಡೆಯನ್ನು ನಾವು ತಂಗುಹಾಸು ಎನ್ನುತ್ತೇವೆ. ಇಡೀ ನಾಡಿನಲ್ಲಿ ಉಳಿದಿದ್ದ ತಂಗುಹಾಸು ಒಂದೇ, ನಮ್ಮ ಕೊನೆಯ ಕುದುರೆ ತುಂಟಿಯದು. ಹಲ್ಲು ಸವೆದ ಮುದುಕಿ; ಆದರೂ ನನ್ನ ಸೆರಗು ಜಗಿಯುವ ಚಟ ಬಿಟ್ಟಿರಲಿಲ್ಲ. ಬದುಕಿರುವಾಗ ಅವಳ ಮೈಗೆ ಚಾಕು ಮುಟ್ಟಿಸಲು ನನಗೆ ಮನಸ್ಸು ಬರಲಿಲ್ಲ. ಸತ್ತ ಮೇಲೆ, ಮೈ ಆರುವ ಮೊದಲೇ ನಾಳ ತೆಗೆಯುತ್ತೇನೆ ಎಂದು ಅವಳಿರುವಾಗಲೇ ಹೇಳಿದಾಗ ಅವಳನ್ನು ಸಾಕಿದ ಬಂದೇನವಾಜ್ ಎದ್ದು ನಿಂತ. “ಅಕ್ಕಾರ, ಈ ಕೈಲೆ ಹುಲ್ಲು ತಿನ್ನಿಸೀನ್ರೀ ಆಕಿಗೆ. ಆಕಿ ಹೊಟ್ಟಿ ಸೀಳೂದು ನೋಡಾಕ ನನ್ನ ಕೈಲೆ ಆಗಂಗಿಲ್ಲ” ಎಂದವನು ಗಂಟುಮೂಟೆ ಕಟ್ಟಿ ಹೊರಟುಹೋದ. ಅಂದಿನಿಂದ ಇಲ್ಲಿ ನಾನು, ತುಂಟಿ, ಇಬ್ಬರೇ.

ಮೊನ್ನೆ ಮಲಗಿದ ತುಂಟಿ ಏಳಲಿಲ್ಲ. ಅಳುತ್ತಲೇ ಕೊಯ್ದೆ. ಗೇಣುದ್ದದ ನಾಳ, ಒಳಗೆ ಮುದುಡಿದ ಹಳೆಯ ಅಂಡಗಳಿದ್ದವು. ಕುದುರೆಯ ನಾಳ ಫಲಿಸಿದ್ದನ್ನು ಮಾತ್ರ ಗರ್ಭಕ್ಕೆ ಬಿಡುತ್ತದೆ, ಫಲಿಸದ್ದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ ಎಂದು ಓದಿದ್ದೆ. ಗಂಡು ಕುದುರೆಯ ಮುಖವನ್ನೇ ಕಾಣದ ನನ್ನ ತುಂಟಿ ಅವನ್ನು ಎಷ್ಟು ಕಾಲ ಹೊತ್ತು ತಿರುಗಿದಳೋ!

ತಂಗುಹಾಸಿನ ಚೂರಿನ ಮೇಲೆ ಕೊನೆಯ ಗಡಿಗೆಯ ವೀರ್ಯ ಬಿಟ್ಟು ಮಸೂರದಲ್ಲಿ ಕಣ್ಣಿಟ್ಟೆ. ಒಂದು ವೀರ್ಯಾಣು ಬಂದು ತಲೆಯೂರಿತು, ಆಮೇಲೆ ಇನ್ನೊಂದು. ಬಾಲಗಳು ನಿಧಾನವಾಗಿ ಆಡುತ್ತಿದ್ದವು. ಗಡಿಗೆಯಲ್ಲಿ ಉಳಿದಿದ್ದ ಒಂದೇ ಅಂಡದ ಹಿಮ ಬಿಡಿಸಿ ಪಕ್ಕದಲ್ಲಿಟ್ಟೆ.

ಇವತ್ತು ಬೆಳಿಗ್ಗೆ ನೋಡಿದರೆ ಆ ಅಂಡ ಫಲಿಸಿ, ಒಂದು ಕೋಶ ಎರಡಾಗಿದೆ. ಹೌದ್ರೀ, ಎರಡು! ಸುದ್ದಿ ಹೇಳಲು ಲಾಯಕ್ಕೆ ಓಡಿದೆ, ಜಗಿಯಲಿ ಎಂದು ಸೆರಗನ್ನೂ ಮುಂದೆ ಹಿಡಿದೆ. ಲಾಯ ಖಾಲಿ.

ಅದಕ್ಕೇ ನಿಮಗೆ ಬರೆದೆ. ಕುದುರೆಗಳನ್ನು ಗಡಿಗೆಗೆ ತುಂಬುವ ದಿನ ಬಂದರೆ ನಾಳದ ಚೂರೊಂದನ್ನೂ ಇಡಿ. ಅಲ್ಲಿಯವರೆಗೆ, ನಿಮ್ಮ ಊರಿನಲ್ಲಿ ಯಾವುದಾದರೂ ಹೆಣ್ಣು ಕುದುರೆ ಕಂಡರೆ ನನ್ನ ಪರವಾಗಿ ಹತ್ತಿರ ಹೋಗಿ ಅದರ ಕಿವಿಯಲ್ಲಿ ಹೇಳಿ, ಎರಡಾಗಿದೆ ಎಂದು. ಹೇಳುವಾಗ ಸೆರಗು ಜೋಪಾನ.

ಶಿವಗಂಗವ್ವ