ಕೈಗೆ ಸಿಗದ ಗಂಟು

ಬರೋಡಾ
ಬುಧವಾರ, 9 ಫೆಬ್ರುವರಿ 1966

ಚಿ. ಸೌ. ಶಾರದಾಗೆ ನಿನ್ನ ಇಂದಕ್ಕ ಮಾಡುವ ಆಶೀರ್ವಾದಗಳು.

ನಿನ್ನ ಕಾರ್ಡು ಸೋಮವಾರ ಮುಟ್ಟಿತು. ಅಕ್ಷರ ಓರೆಕೋರೆ ಇದ್ದರೆ ಬೇಸರಪಡಬೇಡ. ಬಲಗೈ ಇನ್ನೂ ಭುಜದ ಮಟ್ಟಕ್ಕೆ ಏಳುವುದಿಲ್ಲ, ತೊಡೆಯ ಮೇಲೆ ಮಣೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹೌದು, ನನಗೆ ಆಪರೇಷನ್ ಆಯಿತು. ಆಗಿ ಮೂರು ವಾರ ಕಳೆಯಿತು. ನಿನಗೆ ತಿಳಿಸಲಿಲ್ಲ. ಯಾಕೆ ತಿಳಿಸಲಿಲ್ಲ ಎಂಬುದನ್ನೇ ಬರೆಯಲು ಕುಳಿತಿದ್ದೇನೆ. ಒಲೆಯ ಮುಂದೆ ನಿಂತು ಓದಬೇಡ, ಕುಳಿತು ಓದು.

ನವೆಂಬರಿನ ಆ ಮೊದಲ ದಿನ ಅಹಮದಾಬಾದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನೀನು ನಿನ್ನ ಯಜಮಾನರಿಗೆ, ಹೋಟೆಲಿನ ಸಾಂಬಾರಿನ ಪುಡಿಯನ್ನು ಇನ್ನು ಯಾರು ಹುರಿಯುತ್ತಾರೆ ಎಂದು ಗೊಣಗುತ್ತಿದ್ದೆ. ಕನ್ನಡ ಕಿವಿಗೆ ಬಿದ್ದದ್ದೇ ತಡ, ನಾನು ಎದ್ದು ಬಂದು ನಿನ್ನ ಪಕ್ಕ ಜಾಗ ಮಾಡಿಕೊಂಡೆ. ನೀನು ಸೂರತ್ತಿನ ಹೋಟೆಲಿನವರ ಮನೆಯವಳು, ಉಡುಪಿ ಕಡೆಯವಳು. ನಾನು ರೈಲ್ವೆ ಗಾರ್ಡಿನ ಹೆಂಡತಿ, ಧಾರವಾಡದವಳು. ನಿನಗೆ ಐವತ್ತೊಂಬತ್ತು, ನನಗೆ ಅರವತ್ತನಾಲ್ಕು. ಇಬ್ಬರಿಗೂ ಎದೆಯಲ್ಲಿ ಗಂಟು, ಎರಡೂ ಸಣ್ಣವು. ಬೇಗ ಬಂದಿದ್ದೀರಿ ಎಂದು ಡಾಕ್ಟರು ಹೊಗಳಿದರು. ಐದು ವಾರ ಯಂತ್ರದಿಂದ ಕಿರಣ ಹಾಯಿಸುವ ಕರೆಂಟು ಕೊಡುವುದು, ಒಂದು ತಿಂಗಳು ಬಿಡುವು, ಆಮೇಲೆ ಆಪರೇಷನ್. ಮೊದಲು ಅದನ್ನು ಸೊರಗಿಸಿ ನಂತರ ತೆಗೆದರೆ ಮತ್ತೆ ಬರುವ ಭಯ ಕಡಿಮೆ ಎಂದು ಬಿಡಿಸಿ ಹೇಳಿದ್ದರು. ನಾವಿಬ್ಬರೂ ತಲೆಯಾಡಿಸಿದ್ದೆವು.

ಆ ಐದು ವಾರಗಳ ಬಗ್ಗೆ ನಿನಗೆ ನಾನೇನು ಹೇಳುವುದಿದೆ. ಎದೆಯ ಮೇಲೆ ನೇರಳೆ ಮಸಿಯ ಗೆರೆ ಎಳೆದು, ಅಲ್ಲಿಗೆ ನೀರು ಸೋಕಿಸಕೂಡದು ಎಂದರು. ದಿನಾ ಮಡಿಸ್ನಾನ ಮಾಡಿದ ಮೈ ನನ್ನದು, ಒದ್ದೆ ಬಟ್ಟೆಯಲ್ಲಿ ಕೈಕಾಲು ಒರೆಸಿಕೊಂಡು ದಿನ ದೂಡಿದೆ. ಯಂತ್ರದ ಕೆಳಗೆ ಮಲಗಿಸಿ ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಂಡಾಗ ಮಾತ್ರ ಎದೆ ಡವಗುಟ್ಟುತ್ತಿತ್ತು. ನೋವೇನೂ ಇರಲಿಲ್ಲ. ನಾಲ್ಕನೆಯ ವಾರಕ್ಕೆ ಚರ್ಮ ಸುಟ್ಟ ಬದನೆಕಾಯಿಯಂತಾಯಿತು, ನೀನು ರವಿಕೆ ಬಿಟ್ಟು ತೆಳುವಾದ ಮಲ್ಲಿನ ಬಟ್ಟೆ ಸುತ್ತಿಕೊಳ್ಳಲು ಹೇಳಿಕೊಟ್ಟೆ.

ಇಷ್ಟೂ ದಿನ ಬೆಂಚಿನ ಮೇಲೆ ನಾನು ಕೊಚ್ಚಿಕೊಂಡಿದ್ದು ಒಂದೇ ವಿಷಯ, ನನ್ನ ಕೈಗುಣ. ಮಿರಜದಿಂದ ಬರೋಡಾ ತನಕ ಯಾವ ರೈಲ್ವೆ ಕಾಲೊನಿಯಲ್ಲಿದ್ದರೂ ಬಸುರಿಯರ ಹೊಟ್ಟೆ ಮುಟ್ಟಿ ಮಗು ಹೇಗಿದೆ, ಯಾವಾಗ ಹೊರಬರುತ್ತದೆ ಎಂದು ಹೇಳುತ್ತಿದ್ದವಳು ನಾನು. ಹೆಚ್ಚಿನ ಸಲ ಸರಿಯಾಗುತ್ತಿತ್ತು. ತಪ್ಪಿದ್ದನ್ನು ನಾನು ಯಾರಿಗೂ ಹೇಳಿಲ್ಲ, ನಿನಗೂ ಹೇಳಲಿಲ್ಲ.

ಕೊನೆಯ ದಿನ ಬಟ್ಟೆ ಬದಲಾಯಿಸುವ ಪರದೆಯ ಹಿಂದೆ ನೀನು ನನ್ನ ಕೈ ಹಿಡಿದುಕೊಂಡೆ. “ಅಕ್ಕ, ಡಾಕ್ಟ್ರು ಹೇಳುದು ನಂಗೆ ಅರ್ಥ ಆಗುದಿಲ್ಲ. ನೀವೊಮ್ಮೆ ಮುಟ್ಟಿ ನೋಡಿ, ನಿಮ್ಗೆ ಗೊತ್ತಾಗ್ತದೆ” ಎಂದೆ. ನಾನು ಮುಟ್ಟಿ ನೋಡಿದೆ. ಕಣ್ಣು ಮುಚ್ಚಿಕೊಂಡು, ದೊಡ್ಡ ವೈದ್ಯೆಯ ಹಾಗೆ. “ಗಂಟು ಕೈಗೆ ಹತ್ತವಲ್ದು. ಕರಗಿ ಹೋಗೇದ. ಇನ್ನ ನಿನಗ ಕೊಯ್ಯೂದು ಬ್ಯಾಡ ತಗೀ” ಎಂದೆ. ನೀನು ಅತ್ತುಬಿಟ್ಟೆ, ಬಗ್ಗಿ ನನ್ನ ಕಾಲು ಮುಟ್ಟಿದೆ. ಅದು ನನಗೆ ಹಿತವಾಗಿತ್ತು, ಶಾರದಾ. ಇದನ್ನೂ ಬರೆಯಲೇಬೇಕು. ಆಪರೇಷನ್ನಿಗೆ ಜನವರಿಯ ತಾರೀಖು ಬರೆದ ಚೀಟಿ ನಿನ್ನ ಕೈಯಲ್ಲೇ ಇತ್ತು. ನೋಡಿಯೂ ಸುಮ್ಮನಿದ್ದೆ.

ಮನೆಗೆ ಬಂದು ನಾನೂ ಆಪರೇಷನ್ ಬೇಡವೆಂದೆ. ಬೆಳಿಗ್ಗೆ ಎದ್ದು ಮುಟ್ಟಿ ನೋಡಿಕೊಂಡರೆ ನನ್ನದೂ ಸಿಗುತ್ತಿರಲಿಲ್ಲ. ಮೂರನೆಯ ದಿನ ಊಟಕ್ಕೆ ಕುಳಿತಾಗ ಇವರು, “ತಿಕೀಟ ಅಹಮದಾಬಾದ ತನಕಾ ತಗೊಂಡೀವಿ. ನಡುದಾರ್ಯಾಗ ನಡಿಯಾದದಾಗ ಇಳಿಯೂದಲ್ಲ” ಎಂದರು. ಮೂವತ್ತು ವರ್ಷ ಹಸಿರು ಬಾವುಟ ಬೀಸಿದ ಮನುಷ್ಯ, ಅವರ ಮುಂದೆ ನನ್ನ ವಾದ ನಡೆಯಲಿಲ್ಲ. ಹೋದೆ. ಭರ್ತಿಯಾದ ದಿನ ನಿನ್ನ ಹೆಸರು ವಿಚಾರಿಸಿದೆ. ಬಂದಿಲ್ಲ ಎಂದರು. ಆ ಕ್ಷಣವೇ ಒಂದು ಕಾರ್ಡು ಗೀಚಬೇಕಿತ್ತು. ನಿನಗೆ ಬೇಡವೆಂದು ಹೇಳಿದವಳು ಅದೇ ಆಪರೇಷನ್‌ಗೆ ಬಂದು ಮಲಗಿದ್ದೇನೆ ಎಂದು ಯಾವ ಮುಖ ಹೊತ್ತು ಬರೆಯಲಿ? ನಾಚಿಕೆಯಾಯಿತು. ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಎನ್ನುತ್ತ ವಾರಗಳು ಕಳೆದವು.

ಹತ್ತನೆಯ ದಿನ ಡಾಕ್ಟರು ರಿಪೋರ್ಟು ಹಿಡಿದುಕೊಂಡು ಬಂದು ನನ್ನ ಮಂಚದ ತುದಿಯಲ್ಲಿ ಕುಳಿತರು. ಗಂಟು ಇದ್ದ ಜಾಗದಲ್ಲಿ ಸಾಸಿವೆಯಷ್ಟು ಇನ್ನೂ ಜೀವ ಹಿಡಿದುಕೊಂಡಿತ್ತಂತೆ, ಮೈಕ್ರೋಸ್ಕೋಪಿನಲ್ಲಿ ಮಾತ್ರ ಕಂಡಿತಂತೆ. ಈಗ ಎಲ್ಲ ಹೊರಗೆ ಬಂದಿದೆ, ಚಿಂತೆಯಿಲ್ಲ ಎಂದರು. ಅದು ನನ್ನ ಬೆರಳಿಗೆ ಯಾಕೆ ಸಿಗಲಿಲ್ಲ ಎಂದು ಕೇಳಿದೆ. ಅದಕ್ಕೆ ಡಾಕ್ಟರು, ಆಪರೇಷನ್ನಿನ ಹಿಂದಿನ ದಿನ ನಾನೂ ಮುಟ್ಟಿ ನೋಡಿದ್ದೆ, ನನಗೂ ಸಿಕ್ಕಿರಲಿಲ್ಲ, ಅದಕ್ಕೇ ನಾನು ಕೈಯನ್ನು ನಂಬುವುದಿಲ್ಲ ಎಂದರು. ಮೂವತ್ತೈದು ವರ್ಷದ ಹುಡುಗ, ಅಷ್ಟು ಓದಿದವನು, ಸಲೀಸಾಗಿ ಹೇಳಿಬಿಟ್ಟ. ನನಗೆ ಅಂದು ಊಟ ಸೇರಲಿಲ್ಲ.

ಆಮೇಲೆ ನಿನ್ನ ಕಾರ್ಡು. ನೀನು ಸುಖವಾಗಿದ್ದೀ, ಚೀಟಿಯನ್ನು ಹರಿದು ಹಾಕಿದ್ದೀ, ಎಲ್ಲ ಅಕ್ಕನ ಕೈಗುಣ ಎಂದು ಬರೆದಿದ್ದೀ. ನಿಮ್ಮೂರಿನ ಕತಾರ್‌ಗಾಮ್ ಪೇಟೆಯ ನಿನ್ನ ಗೆಳತಿ ಪ್ರೇಮಾಗೂ ಎದೆಯಲ್ಲಿ ಏನೋ ಸಿಕ್ಕಿದೆ, ನನಗೆ ತೋರಿಸಲು ಬರೋಡಾಕ್ಕೆ ಕಳಿಸುತ್ತೇನೆ ಎಂದಿದ್ದೀ. ಮೂರು ಸಲ ಓದಿದೆ. ಇವರು ಕಾರ್ಡು ತೆಗೆದುಕೊಂಡು ತಾವೂ ಓದಿದರು. ಮರುದಿನ ಬೆಳಿಗ್ಗೆಯ ಗಾಡಿಗೆ ಹೊರಟರು.

ನಿನ್ನೆ ಅಹಮದಾಬಾದಿಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿ ಬಂದಿದ್ದಾರೆ. ತಡವಾಗಿದೆ, ಆದರೆ ಕೈಮೀರಿಲ್ಲ, ನಿನ್ನನ್ನು ಸೋಮವಾರ ಕರೆದುಕೊಂಡು ಬನ್ನಿ ಎಂದರಂತೆ. ಪ್ರೇಮಾ ಕೂಡ ಅಲ್ಲಿಗೇ ಹೋಗಲಿ, ನನ್ನ ಬಳಿ ಬರುವುದು ಬೇಡ.

ತಪ್ಪು ನನ್ನದು. ದೈವದ್ದಲ್ಲ, ಯಂತ್ರದ್ದಲ್ಲ, ನಿನ್ನದಂತೂ ಅಲ್ಲವೇ ಅಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ನನಗೆ ಇಷ್ಟು ಹೆದರಿಕೆ ಆಗಿರಲಿಲ್ಲ, ನಿನ್ನನ್ನು ನೆನೆದರೆ ಈಗ ಆಗುತ್ತದೆ.

ಆಪರೇಷನ್ನಿನ ವಿಷಯ ಮುಚ್ಚಿಡುವುದಿಲ್ಲ. ಎಚ್ಚರವಾದಾಗ ಬಾಯಿ ಒಣಗಿರುತ್ತದೆ, ವಾಂತಿ ಬರುತ್ತದೆ. ಎಂಟು ಹತ್ತು ದಿನ ಗಾಯದ ನೀರು ಬಸಿಯಲು ಪಕ್ಕದಲ್ಲಿ ರಬ್ಬರಿನ ನಳಿಗೆ. ಕೈ ಮರಗಟ್ಟದಿರಲೆಂದು ಗೋಡೆಯ ಮೇಲೆ ಬೆರಳು ಹತ್ತಿಸುವ ಅಭ್ಯಾಸ ಮಾಡಿಸುತ್ತಾರೆ. ನಾನು ಈಗ ಕ್ಯಾಲೆಂಡರಿನ ಕೆಳತುದಿ ಮುಟ್ಟಿದ್ದೇನೆ. ಒಂದು ಕಡೆ ಸಪಾಟಾಗುತ್ತದೆ. ಸೆರಗು ಹೊದ್ದರೆ ಯಾರಿಗೂ ತಿಳಿಯದು, ತಿಳಿದರೂ ಈ ವಯಸ್ಸಿನಲ್ಲಿ ಯಾರಿಗೇನಾಗಬೇಕು.

ಶನಿವಾರ ಬೆಳಿಗ್ಗೆಯ ಗಾಡಿಗೆ ನಾವಿಬ್ಬರೂ ಸೂರತ್ತಿಗೆ ಬರುತ್ತೇವೆ. ಈ ಸ್ಥಿತಿಯಲ್ಲಿ ನಾನು ಪ್ರಯಾಣ ಮಾಡುವುದು ಬೇಡವೆಂದು ಇವರು ಹೇಳಿ ನೋಡಿದರು, ನಾನು ಕೇಳಲಿಲ್ಲ. ಇಂದಕ್ಕ ಹೇಳಿದ್ದು ಸುಳ್ಳು ಎಂದು ನಿನ್ನ ಯಜಮಾನರ ಎದುರು ನನ್ನ ಬಾಯಿಂದಲೇ ಹೇಳುತ್ತೇನೆ. ಆಮೇಲೆ ಒಳಕೋಣೆಯ ಬಾಗಿಲು ಹಾಕಿ ನನ್ನ ಗಾಯ ತೋರಿಸುತ್ತೇನೆ. ಕಣ್ಣು ತುಂಬ ನೋಡು. ಬೇಕಾದಷ್ಟು ಬೈಯಿ. ನನಗೆ ಇನ್ನು ಮೇಲೆ ಅಕ್ಕ ಎನ್ನದಿದ್ದರೂ ಸರಿ. ಆದರೆ ಬೈಯುತ್ತಲೇ ಚೀಲ ಕಟ್ಟಿಕೋ. ನೀನು ಬರುವುದಿಲ್ಲವೆಂದರೆ ನಾನೂ ನಿಮ್ಮ ಮನೆಯಿಂದ ಏಳುವುದಿಲ್ಲ.

ನೀನು ನನಗಿಂತ ಐದು ವರ್ಷ ಚಿಕ್ಕವಳು. ನಾನು ಹೋದ ಮೇಲೂ ಆ ಐದು ವರ್ಷ ನಿನಗೆ ಪೂರ್ತಿ ಸಿಗಲಿ ಎಂದು ದೇವರನ್ನು ಬೇಡುವ

ಇಂದುಮತಿ